ಕಡವು, ಹನ್ನೆರಡು ನಿಮಿಷ

ಲಾಂಗ್‌ನೆಸ್ಸಿನಿಂದ ಬ್ರೆಕ್ಕೆಗೆ ಹನ್ನೆರಡು ನಿಮಿಷ.
ಹಗ್ಗ ಬಿಚ್ಚಿ, ಲಾರಿಯ ಚಕ್ರಕ್ಕೆ ಆಪು ಕೊಟ್ಟು,
ಕೈಗವಸನ್ನು ಹಲ್ಲಲ್ಲಿ ಕಚ್ಚಿ ಎಳೆದು
ಫೋನು ತೆರೆಯುತ್ತೇನೆ.
ಜೇನುಹುಟ್ಟಿನಂಥ ಹಲಗೆ, ಹನ್ನೊಂದಕ್ಕೆ ಹನ್ನೊಂದು,
ತಲೆಗೆ ಐದು ನಿಮಿಷ.

ಕೆಂಪಿಗೆ ಮೇಲಿನ ದಡ, ಕೆಳಗಿನ ದಡ.
ನೀಲಿಗೆ ಎಡ, ಬಲ.
ಒಂದೊಂದೇ ಕಲ್ಲಿಟ್ಟು ತನ್ನೆರಡು ದಡ ಕೂಡಿಸಬೇಕು, ಅಷ್ಟೇ.
ರಾಜನಿಲ್ಲ, ಕುದುರೆಯಿಲ್ಲ, ಕಡಿಯುವುದಿಲ್ಲ,
ಇಟ್ಟದ್ದನ್ನು ಎತ್ತುವುದಿಲ್ಲ.
ಹಾವೂ ಸಾಯದೆ ಕೋಲೂ ಮುರಿಯದೆ
ಎದ್ದು ಹೋಗುವ ದಾರಿಯೂ ಇಲ್ಲ:
ಹಲಗೆ ತುಂಬುವ ಹೊತ್ತಿಗೆ
ಯಾರೋ ಒಬ್ಬರು ದಾಟಿಯೇ ಇರುತ್ತಾರೆ.

ಎದುರಾಳಿಯ ಹೆಸರು ಪಿರಿಂಚೊ೪೧.
ಹುಡುಕಿ ನೋಡಿದೆ, ಯಾವುದೋ ದೂರದ ಹಕ್ಕಿಯಂತೆ.
ಬಾವುಟ ಹಾಕಿಲ್ಲ. ಮುಖವಿರಬೇಕಾದಲ್ಲಿ ಬರೀ ಕೆಂಪುಗಪ್ಪು,
ಕ್ಯಾಮೆರಾಗೆ ಹೆಬ್ಬೆರಳು ಅಡ್ಡ ಬಂದಿರಬೇಕು.
ಅವಳು ಅಂತಲೇ ಅಂದುಕೊಂಡಿದ್ದೇನೆ;
ಗೆದ್ದಾಗ ನಗುವ ಗೊಂಬೆ ಕಳಿಸುವುದಿಲ್ಲ, ಅದಕ್ಕೆ.

ಮೊದಲ ಕಲ್ಲು ಯಾವತ್ತೂ ಮೂಲೆಯಲ್ಲಿ.
ನಡುವೆ ಇಟ್ಟರೆ ನಾನದನ್ನು ನನ್ನದಾಗಿಸಿಕೊಳ್ಳಬಹುದು,
ಅದು ನಿಯಮ: ಒಬ್ಬರು ಕೊಯ್ಯುವುದು, ಇನ್ನೊಬ್ಬರು ಆರಿಸುವುದು.
ಅಮ್ಮ ನನಗೂ ತಮ್ಮ ಸಿವರ್ಟನಿಗೂ
ಕೇಕು ಹಂಚುತ್ತಿದ್ದದ್ದು ಹೀಗೇ.
ಸಿವರ್ಟ್ ಶಾಲೆಯ ಚೀಲದಿಂದ ಸ್ಕೇಲು ತರುತ್ತಿದ್ದ.

ಈ ಆಟದಲ್ಲಿ ಸೇತುವೆ ಅಂದರೆ
ಒಂದಕ್ಕೊಂದು ತಾಗದ ಎರಡು ಕಲ್ಲು,
ನಡುವೆ ಎರಡು ಖಾಲಿ ಮನೆ.
ಇದನ್ನು ಮುಚ್ಚು, ಅದರಲ್ಲಿ ಬರುತ್ತೇನೆ.
ಅದನ್ನು ಮುಚ್ಚು, ಇದರಲ್ಲಿ.
ಮೂವತ್ತೇಳು ಆಟ ಸೋತ ಮೇಲೆ ಇಷ್ಟು ತಿಳಿಯಿತು.
ಅವಳೇನೂ ಹೇಳಿಕೊಡಲಿಲ್ಲ,
ಸೋಲಿಸುತ್ತಾ ಹೋದಳು.

ಹೊರಗೆ ಇನ್ನೊಂದು ಸೇತುವೆ ಏಳುತ್ತಿದೆ.
ಫ್ಯೋರ್ಡಿನಲ್ಲಿ ಎರಡು ಕಂಬ, ನೆತ್ತಿಯಲ್ಲಿ ಹಳದಿ ಕ್ರೇನು.
ಮಾರ್ಚಿಗೆ ಉಕ್ಕಿನ ಹಗ್ಗ, ಮುಂದಿನ ಚಳಿಗೆ ಕಾರು.
ಆಮೇಲೆ ಈ ಹಡಗೂ ಬೇಡ,
ಬೆಣ್ಣೆ ಸಕ್ಕರೆ ಹಚ್ಚಿ ಮಡಚಿದ ಬರ್ಗ್ಯೋಟಳ ಸ್ವೇಲೆಯೂ ಬೇಡ.
'ಇನ್ನು ನಾಲ್ಕೇ ನಿಮಿಷ!' ಅನ್ನುತ್ತಾನೆ ಮೀನಿನ ಲಾರಿಯವ.
ಒಳ್ಳೆಯದೇ ಅನ್ನುತ್ತೇನೆ. ಒಳ್ಳೆಯದೇ.
ಜನವರಿಯ ಬಿರುಗಾಳಿಯಲ್ಲಿ ಆಂಬುಲೆನ್ಸು
ಎರಡು ತಾಸು ದಡದಲ್ಲೇ ನಿಂತಿತ್ತು.
ಗೇಟಿಗೆ ಸರಪಳಿ ಹಾಕಿದವಳು ನಾನೇ.

ನಡುನೀರಲ್ಲಿ ಬೆಟ್ಟ ಸಿಗ್ನಲ್ಲನ್ನು ನುಂಗುತ್ತದೆ,
ನಲವತ್ತು ಸೆಕೆಂಡು, ಒಮ್ಮೊಮ್ಮೆ ಒಂದೂವರೆ ನಿಮಿಷ.
ಎಷ್ಟೋ ಗೆದ್ದ ಆಟಗಳು ಅಲ್ಲೇ ಮುಳುಗಿವೆ.
ಅವಳಿಗೆ ಹಡಗು ಗೊತ್ತಿಲ್ಲ, ಬೆಟ್ಟ ಗೊತ್ತಿಲ್ಲ;
ಆರನೇ ನಿಮಿಷಕ್ಕೆ ನಾನು ಕಾಣೆಯಾಗುತ್ತೇನೆ,
ಅಷ್ಟು ಗೊತ್ತು.
ಈ ಚಳಿಗಾಲ ಶುರುವಾದಂದಿನಿಂದ
ಮಗುವಿಗೂ ಕಾಣುವ ನಡೆಯ ಮುಂದೆ
ಸುಮ್ಮನೆ ಕೂತುಬಿಡುತ್ತಾಳೆ.
ತನ್ನ ಗಡಿಯಾರವೇ ಸವೆಯಲಿ ಅಂತ ಬಿಟ್ಟು,
ನನ್ನ ಚುಕ್ಕಿ ಮತ್ತೆ ಹಸಿರಾದ ಮೇಲೆ
ಟಕ್ಕನೆ ಕಲ್ಲಿಡುತ್ತಾಳೆ.
ಮೊದಲು ಅದನ್ನು ಅವಳ ಮಂಕು ಅಂದುಕೊಂಡಿದ್ದೆ.

ಇವತ್ತು ಗೆದ್ದೆ.
ಮೂರು ಸೆಕೆಂಡು ಉಳಿದಿತ್ತು ಅವಳಲ್ಲಿ.
ಆ ಮೂರರ ಮುಂದೆ ನನ್ನ ಒಂದೂಮುಕ್ಕಾಲು ನಿಮಿಷ
ಕದ್ದ ದುಡ್ಡಿನಂತೆ ಕಂಡಿತು.
'ಒಳ್ಳೆ ಆಟ' ಅಂತ ಬಂತು, ಎಂದಿನಂತೆ.
'ಮುಂದಿನ ವರ್ಷ ಈ ಹೊತ್ತಿಗೆ' ಅಂತ ಬರೆದೆ, ಅಳಿಸಿದೆ.
'ಕಾದದ್ದಕ್ಕೆ' ಅಂತ ಬರೆದೆ.
ಅಷ್ಟರಲ್ಲಿ ಬ್ರೆಕ್ಕೆಯ ದಡ ಹಡಗಿಗೆ ಢಿಕ್ಕಿ ಕೊಟ್ಟು
ಬೆರಳು ಎಲ್ಲೋ ತಾಗಿ
ಅದು ಹೋಯಿತೋ ಇಲ್ಲವೋ.

ಹೊಸ ಹಲಗೆ ಬಂದಿದೆ.
ಅವಳ ಮೊದಲ ಕಲ್ಲು ಮೂಲೆಯಲ್ಲಿಲ್ಲ,
ನಟ್ಟನಡುವೆ ಇದೆ, ತಗೋ ಅನ್ನುವ ಹಾಗೆ.
ಹಿಂದೆ ಕಾರುಗಳು ಹಾರ್ನು ಹೊಡೆಯುತ್ತಿವೆ.
ಆಪು ತೆಗೆಯಬೇಕು, ಹಲಗೆ ಇಳಿಸಬೇಕು.
ಇರು ಮಾರಾಯ್ತಿ,
ಹಗ್ಗ ಕಟ್ಟಿ ಬಂದೆ.